ಹೋಗಿ ಬರ್ತೀನಿ ಅಂದದ್ದಕ್ಕೆ

ವಿಸ್ತುಲಾಪುರ
ಅಕ್ಟೋಬರ್ ೪೧, ೨೧೯೩

ಮಂದಾಕಿನಿ ಆಯಿಯವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಮುಕ್ತಾಯಿ ಮಾಡುವ ಶರಣು ಶರಣಾರ್ಥಿ.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಚಳಿಗಾಲ ಈಗ ಬಹಳ ತಡವಾಗಿ ಬರುವುದರಿಂದ ಇಲ್ಲಿಯವರು ಅಕ್ಟೋಬರನ್ನು ಐವತ್ತು ದಿನಕ್ಕೆ ಎಳೆದು ನವೆಂಬರನ್ನು ಹನ್ನೊಂದಕ್ಕೆ ಮೊಟಕು ಮಾಡಿದ್ದಾರೆ. ಅಧಿಕಮಾಸ ಕಂಡ ನಿಮಗೆ ಇದೇನು ದೊಡ್ಡದಲ್ಲ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ಮನೆಯಲ್ಲಿ ಆಡುತ್ತೇವೆ, ಬರೆಯುವುದು ಅಪರೂಪ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ತಲುಪುತ್ತದೆ ಎಂದು ಯಾರೂ ಖಾತರಿ ಕೊಡುವುದಿಲ್ಲ. ಕಿಟಕಿಯಲ್ಲಿ ಕೂತವರು ರಶೀದಿ ಮಾತ್ರ ಹರಿದು ಕೊಡುತ್ತಾರೆ.

ನೀವು ವಾರ್ಸಾ ಎಂದು ಕರೆದು ಹನ್ನೊಂದು ವರ್ಷ ಬಾಳಿದ ಊರಿನಲ್ಲೇ ನಾವಿದ್ದೇವೆ. ನದಿಯ ಹೆಸರು ಹಿಡಿದು ನಮ್ಮವರು ಅದನ್ನು ವಿಸ್ತುಲಾಪುರ ಮಾಡಿಕೊಂಡರು. ಎಲ್ಲಿ ಹೋದರೂ ಒಂದು ಪುರ ಕಟ್ಟದಿದ್ದರೆ ನಮಗೆ ಸಮಾಧಾನವಿಲ್ಲ ನೋಡಿ. ಐದನೇ ಮಹಡಿಯ ಎರಡು ಕೋಣೆಗಳಲ್ಲಿ ನಾವು ನಾಲ್ವರು: ನಾನು, ಗಂಡ ಗುರುಬಸು, ಒಂಬತ್ತು ವರ್ಷದ ಮಗಳು ಚೆನ್ನಿ, ಎಪ್ಪತ್ತೆಂಟು ವರ್ಷದ ಅತ್ತೆ ನಾಗಲಾಂಬಿಕೆ. ಗುರುಬಸು ನದಿಟ್ರಾಮು ರಿಪೇರಿ ಮಾಡುತ್ತಾರೆ, ಅಂದರೆ ನೀರು ಏರಿದ ಬೀದಿಗಳಲ್ಲಿ ತೇಲಿಕೊಂಡು ಓಡುವ ಟ್ರಾಮು. ಮನೆಗೆ ಬಂದು ಅವರು ಮೊದಲು ಮಾಡುವ ಕೆಲಸ ಸಾಕ್ಸ್ ಹಿಂಡುವುದು.

ಶರತ್ಕಾಲ ಎಂದರೆ ನಮಗೆ ದಣಿವಿನ ಕಾಲ. ಬೆಳಿಗ್ಗೆ ಆರಕ್ಕೆ ಎದ್ದರೆ ಕತ್ತಲೆ, ಸಂಜೆ ನಾಲ್ಕಕ್ಕೆ ಮತ್ತೆ ಕತ್ತಲೆ. ಚಳಿಯೇನೋ ಕಡಿಮೆಯಾಯಿತು, ಕತ್ತಲೆ ಕಡಿಮೆಯಾಗಲಿಲ್ಲ. ಊರ ಹೊರಗೆ ಈಗ ಜೋಳ ಬೆಳೆಯುತ್ತಾರೆ, ಆದರೆ ಹಿಟ್ಟಿಗೆ ಜಿಗಿ ಸಾಲದು. ರೊಟ್ಟಿಯ ಅಂಚು ಬಿರಿಯುತ್ತದೆ. ಅತ್ತೆ ದಿನಾ ಹಿಟ್ಟನ್ನು ಬೈಯುತ್ತಾರೆ, ದಿನಾ ಬಡಿಯುತ್ತಾರೆ. ವಾರಕ್ಕೊಮ್ಮೆ ನಮಗೆ ಎಲೆಪಾಳಿ. ಕಟ್ಟಡದ ಮುಂದೆ ಉದುರಿದ ಎಲೆಗಳನ್ನು ಗುಡಿಸಿ, ಚೀಲ ತುಂಬಿ, ಬೀದಿಗೆಲ್ಲ ನೀರು ಕಾಯಿಸುವ ಬಿಸಿಮನೆಗೆ ಹೊತ್ತು ಹಾಕಬೇಕು. ದಸರೆಯ ದಿನ ಅತ್ತೆ ಆ ರಾಶಿಯಿಂದಲೇ ಹಳದಿ ಎಲೆಗಳನ್ನು ಆರಿಸಿ, ಒರೆಸಿ, ಅಕ್ಕಪಕ್ಕದ ಮನೆಗಳಿಗೆ ಹೋಗಿ "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಕೊಟ್ಟು ಬಂದರು. ಎದುರು ಮನೆಯಾಕೆ ಇದು ನಮ್ಮ ಎಲೆಪಾಳಿಯ ಬಾಕಿ ಎಂದುಕೊಂಡು ಥ್ಯಾಂಕ್ಸ್ ಹೇಳಿ ಚೀಲಕ್ಕೆ ಹಾಕಿಕೊಂಡಳು. ನಾವು ಎರಡು ದಿನ ನಕ್ಕೆವು. ಆಮೇಲೆ ನಗುವ ಸಂದರ್ಭ ಬರಲಿಲ್ಲ.

ಪ್ರತಿ ಶರತ್ಕಾಲದಲ್ಲಿ ಹೊರಗಿನಿಂದ ಬಂದವರೆಲ್ಲ ಬಾಯಿಸಾಕ್ಷಿ ಕೊಡಬೇಕು. ಹಿಂದೆ ದಲ್ಲಾಳಿಗಳು ಜನರ ಪರವಾಗಿ ಸುಳ್ಳು ಬರೆದುಕೊಡುತ್ತಿದ್ದರಂತೆ. ಅದಕ್ಕೇ ಈಗ ಕಾಗದ ನಡೆಯುವುದಿಲ್ಲ. ಸ್ವಂತ ಬಾಯಿಂದ, ಸ್ವಂತ ಭಾಷೆಯಲ್ಲಿ, ಇರುತ್ತೇವೋ ಹೋಗುತ್ತೇವೋ ಎಂದು ಒಂದು ಯಂತ್ರಕ್ಕೆ ಹೇಳಬೇಕು. ಯಂತ್ರದ ಹೆಸರು ಕೇಳುಗ. ಕೋಣೆಯಲ್ಲಿ ಕೊನೆಗೆ ಆಡಿದ ಮಾತೇ ಕೊನೆಯ ಮಾತು. ಹತ್ತು ದಿನದ ಹಿಂದೆ ಅತ್ತೆಯನ್ನು ಕರೆದುಕೊಂಡು ಹೋದೆ. ಚೆನ್ನಾಗಿಯೇ ಹೇಳಿದರು: "ಇಲ್ಲೇ ಇರ್ತೀನ್ರಿ. ಮೊಮ್ಮಗಳನ್ನ ಬಿಟ್ಟು ಎಲ್ಲಿ ಹೋಗ್ಲಿ?" ಆಮೇಲೆ ಎದ್ದರು, ಸೆರಗು ಸರಿಮಾಡಿಕೊಂಡರು, ಗೋಡೆಯಲ್ಲಿದ್ದ ಆ ಡಬ್ಬಿಗೆ ಕೈಮುಗಿದು ಹೇಳಿದರು: "ಹಂಗಾರ ಹೋಗಿ ಬರ್ತೀನ್ರಿ."

ಕೇಳುಗ ಅದನ್ನು ಅಕ್ಷರಶಃ ತೆಗೆದುಕೊಂಡಿತು. ಹೋಗುತ್ತಾರೆ, ಮುಂದೆ ಬರುತ್ತಾರೆ. ಹೊರಬರುವಷ್ಟರಲ್ಲಿ ಇಲ್ಲಿರಲು ಕೊಟ್ಟ ಅವರ ಕಾರ್ಡು ಹಸಿರಿನಿಂದ ಬೂದಿಬಣ್ಣಕ್ಕೆ ತಿರುಗಿತ್ತು. ನನ್ನ ಸಾಕ್ಷಿಯ ದಿನ ನಾನೂ ಅದೇ ಮಾತು ಹೇಳಿಬಿಡುತ್ತಿದ್ದೆ, ಕೈಗವಸು ಹುಡುಕುತ್ತಿದ್ದುದರಿಂದ ಉಳಿದುಕೊಂಡೆ. ಅಕ್ಟೋಬರ್ ಐವತ್ತರೊಳಗೆ ಅವರು ಊರು ಬಿಡಬೇಕು. ಮತ್ತೆ ಬರಲು ಅರ್ಜಿ ಹಾಕಬಹುದು, ಪಾಳಿ ಬರಲು ಆರು ವರ್ಷ. ದಾಖಲೆಯಲ್ಲಿ ಅವರ ಊರು ಇಳಕಲ್ಲು, ಬಿಟ್ಟದ್ದು ಏಳನೇ ವಯಸ್ಸಿನಲ್ಲಿ. ಅಲ್ಲಿ ಅವರ ಗುರುತಿನವರು ಒಬ್ಬರೂ ಉಳಿದಿಲ್ಲ. ಆರು ವರ್ಷ ಅವರು ಕಾಯಲಾರರು, ಆಯಿ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಚೆನ್ನಿ ಅತ್ತುಬಿಟ್ಟಳು. "ಸುಮ್ನ ಎದ್ದು ಬರ್ಬೇಕಿತ್ತಲ್ಲ ಆಯಿ" ಎಂದು ಅಜ್ಜಿಗೆ ಹೇಳಿದಳು. ಅತ್ತೆಗೆ ಸಿಟ್ಟೇ ಬಂತು. "ಏನೂ ಹೇಳ್ದ ಎದ್ದು ಬರಾಕ ನಾ ಏನ್ ಜಗಳಾ ಮಾಡಿ ಬಂದೀನೇನ? ಹೋಗ್ತೀನಿ ಅಂತ ಬಾಯಿ ಬಿಟ್ಟು ಅನ್ನಾಕ ನಾ ಏನ್ ಸಾಯಾಕ ಹೊಂಟೀನೇನ?" ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡಿದ್ದು ಮಾತೂ ಅಲ್ಲ, ಬರಿಯ ಮರ್ಯಾದೆ. ಅವತ್ತಿನಿಂದ ಚೆನ್ನಿ ಶಾಲೆಗೆ ಹೊರಡುವಾಗ ಬಾಯಿ ಬಿಗಿಹಿಡಿದು, ಕೈ ಬೀಸಿ ಓಡುತ್ತಾಳೆ. ಅತ್ತೆ ರೊಟ್ಟಿ ಬಡಿಯುತ್ತಲೇ ಇದ್ದಾರೆ, ಹಿಟ್ಟನ್ನು ಬೈಯುವುದು ಬಿಟ್ಟಿದ್ದಾರೆ. ನನಗೆ ಅದನ್ನು ನೋಡಲು ಆಗುವುದಿಲ್ಲ.

ಮೇಲ್ಮನವಿ ಕೇಳುವ ಅಧಿಕಾರಿ ಕೆಟ್ಟವಳಲ್ಲ. ನೂರು ವರ್ಷಕ್ಕೂ ಹಳೆಯ ಬರಹದಲ್ಲಿ, ದಿನಬಳಕೆಯಲ್ಲಿ, ಈ ಮಾತಿಗೆ ಹೋಗುವ ಬರುವ ಅರ್ಥವಿಲ್ಲ ಎಂದು ತೋರಿಸಿದರೆ ಕಾರ್ಡು ಮತ್ತೆ ಹಸಿರು ಮಾಡುತ್ತೇನೆ ಎಂದಳು. ಕನ್ನಡದಲ್ಲಿ ಉಳಿದಿರುವುದು ಸ್ವಲ್ಪವೇ, ದೊಡ್ಡ ನೀರು ಬಂದ ವರ್ಷಗಳಲ್ಲಿ ಬಹಳಷ್ಟು ಹೋಯಿತು. ಉಳಿದದ್ದನ್ನೆಲ್ಲ ಎಲೆಪಾಳಿಯ ನಡುವೆ, ಅಡುಗೆಯ ನಡುವೆ ಹುಡುಕಿದೆ. ನಿಘಂಟಿನಲ್ಲಿ ಹೋಗು ಬೇರೆ, ಬರು ಬೇರೆ. ಕಥೆಗಳಲ್ಲಿ ಮೂರು ಕಡೆ ಆ ಮಾತು ಸಿಕ್ಕಿತು. ದುರದೃಷ್ಟ ನೋಡಿ, ಮೂರು ಕಡೆಯೂ ಹೇಳಿದವರು ನಿಜಕ್ಕೂ ಹೋಗಿ ನಿಜಕ್ಕೂ ಬಂದಿದ್ದರು. ಇದು ಸಾಲದು ಎಂದು ಅಧಿಕಾರಿ ತಲೆಯಾಡಿಸಿದಳು. ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ವಿವರಿಸಲಿಲ್ಲ, ಅಷ್ಟೇ.

ಕೊನೆಗೆ ಉಳಿದದ್ದು ನಿಮ್ಮ ನೋಟುಬುಕ್ಕು. ಇಲ್ಲಿದ್ದಾಗ ನೀವು ದಿನಾ ಎರಡೆರಡು ಸಾಲು ಗೀಚಿಟ್ಟದ್ದು, ನನ್ನ ತಾಯಿಯಿಂದ ನನಗೆ ಬಂತು. ಮೆಂತ್ಯೆಸೊಪ್ಪು ಸಿಗಲಿಲ್ಲ, ಪಾಲಕ್ ಹಾಕಿದೆ. ಮಗನ ಶಾಲೆಯಲ್ಲಿ ಎಲೆ ಅಂಟಿಸಿಕೊಂಡು ಬರಲು ಹೇಳಿದ್ದಾರೆ, ಗೋಂದು ಇಲ್ಲ. ಇವತ್ತು ಯಾಕೋ ಸಾಕಾಗಿದೆ. ಓದುವಾಗ ನೀವು ನನ್ನ ಪಕ್ಕದಲ್ಲೇ ಕೂತು ಕಾಲು ಒತ್ತಿಕೊಳ್ಳುತ್ತಿದ್ದೀರಿ ಎನ್ನಿಸುತ್ತದೆ. ಇದು ನಡೆಯುತ್ತದೆ, ಇದು ದಿನಬಳಕೆಯೇ ಎಂದು ಅಧಿಕಾರಿ ಒಪ್ಪಿದ್ದಾಳೆ. ಇನ್ನೂರ ಹನ್ನೆರಡು ಪುಟಗಳನ್ನೂ ಓದಿದೆ. ನಮಗೆ ಬೇಕಾದ ಮಾತು ಎಲ್ಲೂ ಇಲ್ಲ. ಆದರೆ ಎರಡನೇ ವರ್ಷದ ಅಕ್ಟೋಬರ್ ಹದಿನೇಳರಂದು ಒಂದು ಸಾಲಿದೆ: "ಪಕ್ಕದ ಬೀದಿಯ ಕುಮುದಾ ಬಂದಿದ್ದಳು. ಚಹಾ ಕುಡಿದಳು. ಹೋದಳು."

ಆಯಿ, ಅವಳು ಸುಮ್ಮನೆ ಹೋಗಿರಲಾರಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಂದು ಮಾತು ಹೇಳಿಯೇ ಇರುತ್ತಾಳೆ. ನಿಮ್ಮ ಕಿವಿಗೆ ಅದು ಮಾತು ಎಂದೇ ಅನ್ನಿಸಿರಲಿಕ್ಕಿಲ್ಲ. ನನ್ನ ಬೇಡಿಕೆ ಇಷ್ಟೇ. ಆ ದಿನ ನಿಮಗಿನ್ನೂ ಬರಬೇಕಾಗಿದ್ದರೆ, ಅವಳು ಹೇಳಿದ್ದನ್ನು ಹಾಗೆಯೇ ಬರೆಯಿರಿ. ಹೇಳಿ ಮನೆಗೆ ಹೋದಳು, ತಿರುಗಿ ಬರಲಿಲ್ಲ, ನಾನೂ ಕಾಯಲಿಲ್ಲ ಎಂದೂ ಬರೆಯಿರಿ. ಸಾಲಿನಲ್ಲಿ ಜಾಗವಿದೆ, ಅಳತೆ ಮಾಡಿ ನೋಡಿದ್ದೇನೆ.

ಇನ್ನು ಒಂಬತ್ತು ದಿನ. ನೋಟುಬುಕ್ಕಿನ ಆ ಪುಟವನ್ನು ತೆರೆದೇ ಇಟ್ಟು ಈ ಕಾಗದ ಬರೆಯುತ್ತಿದ್ದೇನೆ. ಈಗಷ್ಟೇ ಮತ್ತೆ ನೋಡಿದೆ. ಚಹಾ ಕುಡಿದಳು, ಹೋದಳು ಎಂದೇ ಇದೆ.

ನಿಮ್ಮ
ಮುಕ್ತಾಯಿ