ಓದಿ ಭಾವ, ಕೇಳೋಣ

ಮಾರ್ಚ್ 4, ಸೋಮವಾರ. ಬೆಳಿಗ್ಗೆ

...ಹಾಗಂತ ಕಂಪ್ಯೂಟರೇ ಬೇಡ ಎಂದು ನಾನೇನೂ ಅಂದಿಲ್ಲ. ನಿನ್ನೆ ಬರೆದದ್ದನ್ನು ಈಗ ಓದಿದರೆ ಹಾಗೆ ಕಾಣುತ್ತದೆ. ಅಂದದ್ದು ಇಷ್ಟೇ — ಇಷ್ಟು ಅವಸರ ಯಾಕೆ?

ಭಾಮೈದನಿಗೆ ಅವಸರ. ಅವನ ಅಕ್ಕ ಹೋದ ಮೇಲೆ ಪ್ರತಿ ಭಾನುವಾರ ಬರುತ್ತಾನೆ. ಮೊದಮೊದಲು ಸುಮ್ಮನೆ ಬಂದು, ಟೀ ಕುಡಿದು, ಅವಳ ಫೋಟೋ ಕಡೆ ತಿರುಗದೆ ಎದ್ದು ಹೋಗುತ್ತಿದ್ದ. ಜನವರಿಯಿಂದ ಹೊಸ ಹುಚ್ಚು. "ಭಾವ, ಒಂದು ಕಂಪ್ಯೂಟರ್ ಕಟ್ಟೋಣ. ನಾವೇ ಕೂತು. ರೆಡಿ ತರೋದು ಸೋಮಾರಿಗಳ ಕೆಲಸ." ಮೊದಲು ರೇಡಿಯೊ, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರ್ — ರಿಪೇರಿಯಲ್ಲೇ ಕೂದಲು ಬಿಳಿ ಮಾಡಿಕೊಂಡವನು. ಅಂಗಡಿಯನ್ನು ಹೋದ ವರ್ಷ ಮುಚ್ಚಿದ. ಬಾಯಿ ಮಾತ್ರ ಮುಚ್ಚಿಲ್ಲ.

ಮದರ್‌ಬೋರ್ಡು, ಪ್ರೊಸೆಸರು, ಮೆಮೊರಿ, ಕ್ಯಾಬಿನೆಟ್ಟು ಎಲ್ಲ ಆಗಲೇ ತಂದು ನನ್ನ ಮಂಚದ ಕೆಳಗೆ ಇಟ್ಟಿದ್ದಾನೆ. ಉಳಿದದ್ದು ಪವರ್ ಸಪ್ಲೈ. ಗೋಡೆಯ ಕರೆಂಟನ್ನು ಹದ ಮಾಡಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬ. ಅದೊಂದು ಬಂದರೆ ಜೋಡಿಸಲು ಒಂದು ಮಧ್ಯಾಹ್ನ ಸಾಕಂತೆ.

ಒಂದು ಮಧ್ಯಾಹ್ನ. ಆಮೇಲೆ ಅವನು ಭಾನುವಾರ ಯಾಕೆ ಬರಬೇಕು?

ಬಸ್ ಡಿಪೋದ ಸ್ಟೋರ್ಸಿನಲ್ಲಿ ಸರ್ವೀಸು ಮುಗಿಸಿದವನು ನಾನು. ಒಂದು ನಟ್ಟು ಬೇಕೆಂದರೂ ಮೂರು ಕೊಟೇಶನ್. ಒಂದು ಕೆಲಸವನ್ನು ಮುಂದಕ್ಕೆ ತಳ್ಳುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾರ್ಚ್ 10, ಭಾನುವಾರ. ಸಂಜೆ

ಇಬ್ಬರೂ ಅಂಗಡಿಗೆ ಹೋಗಿದ್ದೆವು. ಬಸ್‌ಸ್ಟಾಂಡಿನ ಹಿಂದಿನ ಬೀದಿ, ಮೊದಲ ಮಹಡಿ. ಮೆಟ್ಟಿಲ ತುಂಬ ಖಾಲಿ ರಟ್ಟಿನ ಪೆಟ್ಟಿಗೆ. ಅಂಗಡಿಯವನು ಮೂರು ಪವರ್ ಸಪ್ಲೈ ತಂದಿಟ್ಟ. ಭಾಮೈದ ಒಂದೊಂದನ್ನೂ ಅಂಗೈಯಲ್ಲಿ ಎತ್ತಿ ತೂಗಿದ.

"ಇದು ಹಗುರ. ಒಳಗೆ ಗಾಳಿ ತುಂಬಿದ್ದಾರೆ. ಇದು ಪರವಾಗಿಲ್ಲ. ಇದು... ಹಾಂ, ಇದ್ರಲ್ಲಿ ತಾಮ್ರ ಇದೆ."

"ತೂಕ ನೋಡಿ ಆರಿಸೋಕೆ ಇದೇನು ಕುಂಬಳಕಾಯಿಯೇನೋ?"

"ಕುಂಬಳಕಾಯಿ ಅಂದಿದ್ದು ನೀವು. ಹೆಗಲು ಮುಟ್ಟಿ ನೋಡ್ಕೊಳ್ಳಿ."

ನಿಜಕ್ಕೂ ಕೈ ಹೆಗಲಿಗೆ ಹೋಗುವುದರಲ್ಲಿತ್ತು. ಇವನಿಗೆ ನನ್ನ ಕಳ್ಳತನ ಗೊತ್ತಾಗಿದೆಯೋ ಏನೋ.

ಆಮೇಲೆ ಡಬ್ಬವನ್ನು ನನ್ನ ಕೈಗೆ ಕೊಟ್ಟು, "ಲೇಬಲ್ ಓದಿ ಭಾವ, ಕೇಳೋಣ. ನೀವು ಕಾಲೇಜಲ್ಲಿ ಇಂಗ್ಲಿಷ್ ಕುಡಿದವರು." ಅಂಗಡಿಯವನ ಎದುರಿಗೇ. ಬಿಟ್ಟುಕೊಡಲಾಗದೆ ಓದಿದೆ. ಮ್ಯಾಕ್ಸಿಮಮ್ ಕಂಟಿನ್ಯುಯಸ್ ಔಟ್‌ಪುಟ್, ಫೈವ್ ಫಿಫ್ಟಿ ವಾಟ್ಸ್. "ಆಹಾ, ಏನು ಉಚ್ಚಾರಣೆ. ಇನ್ನೊಂದು ಸಲ." ಅಂಗಡಿಯವನೂ ನಕ್ಕ. ನನಗೆ ಮೈಯೆಲ್ಲ ಉರಿ.

ಕರೆಂಟು ಎಷ್ಟು ಪೋಲಾಗುತ್ತದೆ ಎನ್ನುವುದರ ಮೇಲೆ ಇವಕ್ಕೆ ದರ್ಜೆ ಇದೆಯಂತೆ. ಕಂಚು, ಬೆಳ್ಳಿ, ಚಿನ್ನ. ಅಂಗಡಿಯವನು ಚಿನ್ನದ್ದೇ ತೆಗೆದುಕೊಳ್ಳಿ ಎಂದ.

"ನಮ್ಮಕ್ಕನಿಗೇ ಒಂದೆಳೆ ಹಾಕದವರು ಡಬ್ಬಕ್ಕೆ ಹಾಕ್ತಾರಾ? ಕಂಚು ಕೊಡಿ ಸಾಕು."

ತಮಾಷೆಗೇ ಅಂದದ್ದು. ಭಾವ ಭಾಮೈದರ ನಡುವೆ ಇದಕ್ಕಿಂತ ಹೆಚ್ಚಿನದೂ ನಡೆದಿದೆ. ಆದರೆ ಅವಳು ಇದ್ದಾಗ ಅದು ತಮಾಷೆಯಾಗಿತ್ತು. ಈಗ ಬರೀ ನಿಜ.

"ರೇಟು ಬರೆದುಕೊಡಿ, ಯೋಚಿಸಿ ಹೇಳ್ತೀವಿ" ಎಂದೆ. ಭಾಮೈದನ ಮುಖ ಇಳಿಯಿತು. "ಇವತ್ತೇ ತಗೊಂಡ್ಬಿಡೋಣ ಭಾವ." ನಾನು ಜಗ್ಗಲಿಲ್ಲ. ವಾಪಸು ಬರುವಾಗ ಅವನು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಸಿಟ್ಟು ಬಂದರೆ ಇವನು ನಿಧಾನ.

ಕಂಟಿನ್ಯುಯಸ್, ಕಂಟಿನ್ಯುವಲ್. ಎರಡಕ್ಕೂ ವ್ಯತ್ಯಾಸ ಇದೆ ಎಂದು ನಮ್ಮ ಇಂಗ್ಲಿಷ್ ಲೆಕ್ಚರರ್ ಒಂದು ಪೀರಿಯಡ್ ಪೂರ್ತಿ ಹೇಳಿದ್ದರು. ಒಂದು, ತಡೆಯೇ ಇಲ್ಲದೆ ಹರಿಯುವುದು. ಇನ್ನೊಂದು, ನಿಂತು ನಿಂತು ಮತ್ತೆ ಬರುವುದು. ಯಾವುದು ಯಾವುದೋ ಮರೆತಿದ್ದೇನೆ.

ಮಾರ್ಚ್ 24, ಭಾನುವಾರ

ಲೆಕ್ಕ ಹಾಕುತ್ತ ಕೂತೆವು. ಎಲ್ಲ ಭಾಗ ಒಟ್ಟಿಗೆ ಓಡಿದರೂ ಮುನ್ನೂರು ವಾಟ್ ದಾಟುವುದಿಲ್ಲ. ಅವನು ಐನೂರೈವತ್ತರದೇ ಇರಲಿ ಎನ್ನುತ್ತಾನೆ. ಅಷ್ಟು ಯಾಕೆಂದು ಕಳೆದ ವಾರ ವಾದಿಸಿದ್ದೆ. ಈ ವಾರ ಅದು ಸಾಲದು ಎಂದು ವಾದಿಸಿದೆ.

"ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕೋದಾದ್ರೆ?"

"ನಿಮಗ್ಯಾಕೆ ಅದು? ಗೇಮ್ ಆಡ್ತೀರಾ? ಬಂದೂಕು ಹಿಡ್ಕೊಂಡು?"

"ಆಡಿದರೂ ಆಡಿದೆ."

"ಸೊಳ್ಳೆ ಬ್ಯಾಟ್ ಬೀಸೋಕೆ ಬರಲ್ಲ ನಿಮಗೆ."

ಇಬ್ಬರೂ ನಕ್ಕೆವು. ಒಳ್ಳೆಯ ಮಧ್ಯಾಹ್ನ. ಆದರೂ ಒಂದು ಹೊಸ ಚಾಳಿ ಗಮನಿಸಿದ್ದೇನೆ. ಮಾತಾಡುವಾಗ ನನ್ನ ಮುಖ ನೋಡುವುದಿಲ್ಲ. ಕತ್ತು ಓರೆ ಮಾಡಿ ನನ್ನ ಕಿವಿ ನೋಡುತ್ತಾನೆ. ಸುಳ್ಳು ಹೇಳುವವನನ್ನು ನೋಡುವ ಹಾಗೆ.

ಹೊರಡುವಾಗ ಬಾಗಿಲಲ್ಲಿ ನಿಂತು, "ಇಷ್ಟ ಇಲ್ದಿದ್ರೆ ಬಾಯಿಬಿಟ್ಟು ಹೇಳಿ ಭಾವ. ನನಗೂ ಟೈಮಿಲ್ಲ" ಎಂದ.

ಟೈಮಿಲ್ಲ! ಅಂಗಡಿ ಮುಚ್ಚಿ ಮನೆಯಲ್ಲಿ ಕೂತವನಿಗೆ. ಅಂದರೆ ನನ್ನ ಭಾನುವಾರಗಳು ಅವನಿಗೆ ಬೇಸರ ತಂದಿವೆ. ಆದಷ್ಟು ಬೇಗ ಮುಗಿಸಿ ಕೈ ತೊಳೆದುಕೊಳ್ಳಬೇಕಾಗಿದೆ.

ಏಪ್ರಿಲ್ 14, ಭಾನುವಾರ

ಸ್ಟಾಕ್ ಇಲ್ಲವಂತೆ, ಮುಂದಿನ ತಿಂಗಳು ಬರುತ್ತದಂತೆ ಎಂದು ಹೇಳಿದೆ. ಸ್ಟಾಕ್ ಇದೆ. ಶುಕ್ರವಾರ ನಾನೇ ಫೋನ್ ಮಾಡಿ ಕೇಳಿದ್ದೆ.

ಅವನು ಟೀ ಲೋಟಕ್ಕೆ ಕೈ ಚಾಚಿದ. ಲೋಟ ಉರುಳಿತು. "ಎಲ್ಲೆಲ್ಲೋ ಇಡ್ತೀರಿ" ಎಂದು ನನಗೇ ಬೈದ.

ಮೇ 5, ಭಾನುವಾರ. ಸಂಜೆ

ಬರಲಿಲ್ಲ. ಸತತ ಮೂರನೆಯ ವಾರ. ಫೋನೂ ಎತ್ತುವುದಿಲ್ಲ.

ನಿನ್ನೆ ಹೋಗಿ ಪವರ್ ಸಪ್ಲೈ ತಂದೆ. ಅವನು ತಾಮ್ರ ಇದೆ ಎಂದನಲ್ಲ, ಅದೇ. ಐನೂರೈವತ್ತು, ಕಂಚು. ಮೇಜಿನ ಮೇಲೆ ಅವನು ಕೂರುವ ಕಡೆಗೇ ಇಟ್ಟಿದ್ದೇನೆ. ಹಕ್ಕಿಗೆ ಕಾಳು ಹಾಕಿದ ಹಾಗೆ. ಹಕ್ಕಿ ಇಲ್ಲ.

ನಿಂತು ನಿಂತು ಬರುವುದೇ ಕಂಟಿನ್ಯುವಲ್. ಈಗ ನೆನಪಾಯಿತು. ಬರುತ್ತದೆ ಎನ್ನುವ ಖಾತ್ರಿ ಇದ್ದರೆ ಮಾತ್ರ ಆ ಪದ.

ಮೇ 8, ಬುಧವಾರ. ಬೆಳಿಗ್ಗೆ

ಭಾಮೈದನ ಹೆಂಡತಿ ಫೋನ್ ಮಾಡಿದ್ದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ನನ್ನ ಮಾತು ಸೇರಿಸಿದರೆ ಎಲ್ಲಾದರೂ ನನ್ನನ್ನೇ ಕಾಪಾಡಿಕೊಂಡುಬಿಡುತ್ತೇನೆ.

"ಅಣ್ಣ, ಹೇಳಬೇಡ ಅಂದಿದ್ರು. ಇನ್ನು ಬಚ್ಚಿಡೋಕೆ ಏನೂ ಉಳಿದಿಲ್ಲ. ಅವರಿಗೆ ಕಣ್ಣು ಹೋಯ್ತು."

ಅದೇನೋ ಇಂಗ್ಲಿಷ್ ಹೆಸರು ಹೇಳಿದಳು. ನನ್ನ ಕಾಲೇಜಿಗೆ ಅದು ಬಂದಿರಲಿಲ್ಲ. ನೋಟದ ನಡುಭಾಗ ಮೊದಲು ಹೋಗಿ, ಆಮೇಲೆ ಅಂಚೂ ಕರಗುವ ಕಾಯಿಲೆ. ಅದಕ್ಕೇ ಓರೆ ನೋಟ. ಅದಕ್ಕೇ ನನ್ನ ಕಿವಿ. ಅಂಗಡಿ ಮುಚ್ಚಿದ್ದೂ ಅದಕ್ಕೇ.

"ಅಕ್ಷರ ಓದೋಕೆ ಹೋದ ವರ್ಷವೇ ಆಗ್ತಿರ್ಲಿಲ್ಲ. ಎಡಗಣ್ಣಲ್ಲಿ ಸ್ಕ್ರೂ, ವೈರು ಕಾಣ್ತಿತ್ತು. ಅದೂ ಕೆಲವು ತಿಂಗಳು ಅಷ್ಟೇ ಅಂದಿದ್ರು ಡಾಕ್ಟ್ರು. ಅದಿರೋವಾಗ್ಲೇ ಕೊನೇದಾಗಿ ಒಂದು ಕಟ್ಟಿಬಿಡ್ಬೇಕು, ಅದು ಅಕ್ಕನ ಮನೇಲಿ ಇರ್ಬೇಕು ಅಂತ ಹಟ. ಹೋದ ತಿಂಗಳು ಒಂದಿನ ಬೆಳಿಗ್ಗೆ ಎದ್ದು, ಲೈಟ್ ಹಾಕು ಅಂದ್ರು. ಲೈಟ್ ಉರೀತಿತ್ತು ಅಣ್ಣ."

"ನನಗ್ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಎಲ್ಲದಕ್ಕೂ ಹೂಂ ಅಂತೀರಂತೆ. ಭಾವ ಹೂಂ ಅಂದ್ರೆ ಮಜಾ ಏನಿದೆ, ಜಗಳ ಆಡ್ಕೊಂಡೇ ಕಟ್ಬೇಕು ಅನ್ನೋರು."

ಅವಳೇ ಮುಂದುವರಿಸಿದಳು. "ಮುಗಿದ್ಮೇಲೆ ಭಾನುವಾರ ಏನ್ಮಾಡ್ತೀರಿ ಅಂತ ನಾನೇ ಕೇಳಿದ್ದೆ. ಕಂಪ್ಯೂಟರಲ್ಲಿ ಪ್ರಪಂಚದ ಪೇಪರೆಲ್ಲ ಬರುತ್ತೆ, ಭಾವ ಓದ್ತಾರೆ, ನಾನು ಕೇಳ್ತಾ ಕೂತ್ಕೋತೀನಿ ಅಂದ್ರು."

ಓದಿ ಭಾವ, ಕೇಳೋಣ.

ಮಧ್ಯಾಹ್ನ

ಅನ್ನಕ್ಕೆ ಇಟ್ಟು ಮರೆತೆ. ತಳ ಹತ್ತಿತು.

ಅವಳಿದ್ದಿದ್ದರೆ ಮೊದಲ ವಾರವೇ ಹಿಡಿಯುತ್ತಿದ್ದಳು. "ಯಾಕೋ, ಹೀಗೆ ನೋಡ್ತೀಯ?" ಎಂದು ಒಂದೇ ಮಾತು. ನಾನು ನೋಡಿದೆ, ಬರೆದೂ ಇಟ್ಟೆ. ಆದರೆ ನನ್ನ ಕಣ್ಣು ಕಂಡದ್ದೆಲ್ಲ ನನ್ನ ಬಗ್ಗೆಯೇ. ಅವನ ಅವಸರ ನನ್ನ ಮೇಲಿನ ಬೇಸರಕ್ಕೆ. ಅವನ ಓರೆ ನೋಟ ನನ್ನ ಸುಳ್ಳಿಗೆ. ಅವನ ಟೈಮಿಲ್ಲ...

ಬರದೇ ಹೋಗುತ್ತಾನೆಂದು ಹೆದರಿ ತಡ ಮಾಡಿದೆ. ತಡ ಮಾಡಿದ್ದಕ್ಕೇ ಕಣ್ಣಿರುವಾಗ ಅವನಿಗೆ ಕಟ್ಟಲಾಗದ ಹಾಗೆ ಆಯಿತು. ಅವನು ಕಟ್ಟಲು ಹೊರಟಿದ್ದೇ ನನ್ನ ಭಾನುವಾರಗಳನ್ನು.

ಮೇ 19, ಭಾನುವಾರ. ಸಂಜೆ

ಬಂದಿದ್ದಾನೆ. ಹೆಂಡತಿ ಗೇಟಿನವರೆಗೆ ಕೈ ಹಿಡಿದು ತಂದು ಬಿಟ್ಟಳು. ಒಳಗೆ ಕಾಲಿಟ್ಟವನೇ, "ಕುಂಬಳಕಾಯಿ ತಂದ್ರಂತೆ" ಎಂದ. ತೊಡೆಯ ಮೇಲೆ ಇಟ್ಟುಕೊಂಡು ತೂಗಿದ. "ಅದೇ. ತಾಮ್ರದ್ದು."

ಸ್ಟಾಕ್ ವಿಷಯ ಹೇಳಿಬಿಡೋಣವೆಂದು ಬಾಯಿ ತೆರೆದೆ. "ಗೊತ್ತು ಬಿಡಿ ಭಾವ. ಅಂಗಡಿಯವನು ನನಗೆ ಹಳೇ ಪರಿಚಯ. ಎಲ್ಲ ಹೇಳ್ತಾನೆ" ಎಂದ. ಸ್ಟಾಕ್ ಇದೆಯೆಂದು ಗೊತ್ತಿದ್ದೂ ಅವತ್ತು ನನ್ನ ಸುಳ್ಳು ಕೇಳಿಸಿಕೊಂಡು ಹೋಗಿದ್ದ.

ಊಟವಾದ ಮೇಲೆ ಶುರು ಮಾಡಿದೆವು. ಪ್ರೊಸೆಸರ್ ಇಡುವುದು ನನ್ನ ಕೈಯಲ್ಲಿ ಮಾಡಿಸಿದ. "ಮೂಲೇಲಿ ತ್ರಿಕೋನ ಇದೆ ನೋಡಿ. ಕೂರಿಸಿ ಬಿಡಿ, ಒತ್ತಬೇಡಿ. ಮಗು ಮಲಗಿಸೋ ಹಾಗೆ." ಮೆಮೊರಿ ಅವನೇ ಕೂರಿಸಿದ, ಬೆರಳಲ್ಲಿ ಕಚ್ಚು ಹುಡುಕಿ. ಪವರ್ ಸಪ್ಲೈಯನ್ನು ಗೂಡಿಗೆ ತಳ್ಳಿ, ದಪ್ಪ ವೈರಿನ ಕ್ಲಿಪ್ ಸವರಿ, ಬೋರ್ಡಿಗೆ ಟಕ್ ಎನಿಸಿದ. ಆ ಸದ್ದಿಗೆ ಅವನ ಮುಖ ನೋಡಬೇಕಿತ್ತು.

ಅಷ್ಟರಲ್ಲಿ ಒಂದು ಸ್ಕ್ರೂ ಜಾರಿ ಮಂಚದ ಕೆಳಗೆ ಉರುಳಿತು. ನನಗಿಂತ ಮೊದಲು ಅವನೇ ಮಂಡಿಯೂರಿ ಅಂಗೈಯಿಂದ ನೆಲ ಸವರತೊಡಗಿದ. ಸ್ಕ್ರೂ ನನಗೆ ಕಾಣುತ್ತಿತ್ತು, ಅವನ ಕಿರುಬೆರಳಿನ ಪಕ್ಕದಲ್ಲೇ. ಹೇಳಲೋ ಬೇಡವೋ ತಿಳಿಯಲಿಲ್ಲ. ಸವರಿದ, ಸವರಿದ.

"ಮಾರ್ಚಲ್ಲಾಗಿದ್ರೆ..." ಎಂದ.

ಅಷ್ಟೇ. ಮುಗಿಸಲಿಲ್ಲ. ನಾನೂ ಮಂಡಿಯೂರಿ, ಸ್ಕ್ರೂವನ್ನು ಅವನ ಬೆರಳಿನ ಕೆಳಕ್ಕೆ ತಳ್ಳಿದೆ. "ಸಿಕ್ತು" ಎಂದ. ತಳ್ಳಿದ್ದು ಗೊತ್ತಾಗಿರುತ್ತದೆ.

ಉಳಿದದ್ದು ಮುಂದಿನ ಸ್ವಿಚ್ಚಿನ ವೈರುಗಳು. ಬೋರ್ಡಿನ ಮೂಲೆಯ ಪಿನ್ನುಗಳಿಗೆ ಸಿಕ್ಕಿಸಬೇಕು. ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರ. ಇದು ಬೆರಳಿಗೆ ದಕ್ಕುವ ಕೆಲಸವಲ್ಲ. "ನೀವು ಓದಿ ಸಿಕ್ಕಿಸಿ. ನಾನು ಹತ್ತು ನಿಮಿಷ ಕಣ್ಣು ಮುಚ್ತೀನಿ. ಮುಚ್ಚಿದ್ರೂ ತೆರೆದ್ರೂ ಒಂದೇ, ಆದ್ರೂ ಅಭ್ಯಾಸ ನೋಡಿ." ಮಂಚದ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ. ಅವನಕ್ಕನದೇ ಗೊರಕೆ, ಅದೇ ರಾಗ.

ರೀಸೆಟ್ ಸಿಕ್ಕಿಸಿದೆ. ದೀಪದ್ದೂ ಸಿಕ್ಕಿಸಿದೆ. ಪವರ್ ಸ್ವಿಚ್ಚಿನ ಎರಡು ಪಿನ್ ಬಾಕಿ ಇಟ್ಟು ಇದನ್ನು ಬರೆಯುತ್ತ ಕೂತಿದ್ದೇನೆ. ಯಾಕೆ ಬಾಕಿ ಇಟ್ಟೆ? ನಾಳೆ ನೋಡೋಣ, ಮುಂದಿನ ಭಾನುವಾರ ಮಾಡಿದರಾಯಿತು ಎನ್ನಬಹುದು. ಅವನೂ ಹೂಂ ಎನ್ನುತ್ತಾನೆ. ಹಳೆಯ ಸ್ಟೋರ್ಸ್ ಬುದ್ಧಿ, ಇಷ್ಟಾದ ಮೇಲೂ.

ಕ್ಯಾಬಿನೆಟ್ಟಿನ ಮುಂದೆ ಒಂದು ನೀಲಿ ದೀಪ ಇದೆ. ಹತ್ತಿದರೆ ಓರೆಗಣ್ಣಿಗೆ ಮಿಣುಕಾಗಿ ಕಂಡರೂ ಕಾಣಬಹುದು ಎಂದು ಊಟ ಮಾಡುವಾಗ ಹೇಳಿದ. ಬೇರೇನೋ ಮಾತಿನ ನಡುವೆ, ಅದೇನು ದೊಡ್ಡದಲ್ಲ ಎನ್ನುವ ಹಾಗೆ.

ಕಿಟಕಿ ಮಸುಕಾಯಿತು. ಪುಟದ ಗೆರೆ ಮಾಸುತ್ತಿದೆ, ಬಲ್ಬಿನ ಬೆಳಕು ಸಾಸಿವೆ ಅಕ್ಷರಕ್ಕೆ ಸಾಲದು. ಪೆನ್ನು ಇಡಬೇಕು. ಬೆಳಕು ಇರುವಾಗಲೇ ಆ ಎರಡು ಪಿನ್ ಸಿಕ್ಕಿಸಿ, ಅವನನ್ನು ಎಬ್ಬಿಸಿ, ಸ್ವಿಚ್ಚಿನ ಮೇಲೆ ಅವನ ಬೆರಳು