ಇಗರ್ಜಿಗೆ ಮರಳಿದ ಕಲ್ಲುಗಳು

ವೋಬ್ರೇ, ನಾರ್ಮಂಡಿ
ಸೆಪ್ಟೆಂಬರ್ 17, 1957

ನನ್ನ ಮುದ್ದು ಓದೀಲ್,

ಹೇಗಿದ್ದೀಯಮ್ಮ? ಹೊಲಿಗೆ ಅಂಗಡಿಯಲ್ಲಿ ಬಗ್ಗಿ ಬಗ್ಗಿ ಬೆನ್ನುನೋವು ಹೆಚ್ಚಿಲ್ಲ ತಾನೆ? ರೂವಾನ್ ಪಟ್ಟಣದ ಹೊಗೆಗೆ ನನ್ನ ಮೊಮ್ಮಗಳು ಮಿರೇಯ್‌ಗೆ ಮತ್ತೆ ಕೆಮ್ಮು ಬಾರದಿರಲಿ. ನನ್ನ ಮೊಣಕಾಲು ತಕರಾರು ಮಾಡುತ್ತಿದೆ, ನಾನು ಕಿವಿಗೊಡುವುದಿಲ್ಲ. ಈ ಸಲ ಸೇಬು ರೆಂಬೆ ಮುರಿಯುವಷ್ಟು ಬಿಟ್ಟಿದೆ.

ಮೊನ್ನೆ ಭಾನುವಾರ ಹೊಸ ಇಗರ್ಜಿಯ ಪ್ರತಿಷ್ಠೆಯಾಯಿತು. ನೀನು ಬರುವುದಿಲ್ಲವೆಂದು ಗೊತ್ತಿತ್ತು. ಯುದ್ಧದಲ್ಲಿ ಬಾಂಬು ಬಿದ್ದ ಆ ದಿನ ನಮ್ಮ ಓಬೆನ್ ಗಂಟೆ ಬಾರಿಸುವ ಕಿವುಡನನ್ನು ಕರೆತರಲು ಹಳೆಯ ಇಗರ್ಜಿಯೊಳಗೆ ಓಡಿದ. ಗೋಪುರ ಅವನ ಮೇಲೇ ಕುಸಿಯಿತು. ಅಂದಿನಿಂದ ಅವನನ್ನು ಹೆತ್ತ ನಾನೇ ಅಲ್ಲಿಗೆ ಕಾಲಿಟ್ಟಿರಲಿಲ್ಲ, ಇನ್ನು ಸೊಸೆಯನ್ನು ಯಾವ ಬಾಯಲ್ಲಿ ಕರೆಯಲಿ?

ನೀನು ಊರು ಬಿಟ್ಟ ಮೇಲೆ ಅಲ್ಲಿ ಹುಲ್ಲು ಬೆಳೆಯಿತು, ಕೆಂಪು ಗಸಗಸೆ ಹೂ ಬಿಟ್ಟಿತು. ಜನ ಅಲ್ಲೇ ಪೂಜೆಗೆ ಸೇರುತ್ತಿದ್ದರು. ಗೋಡೆಯಿಲ್ಲ, ಬೆಂಚಿಲ್ಲ, ಆದರೂ ಒಬ್ಬೊಬ್ಬರೂ ತಮ್ಮ ಹಳೆಯ ಬೆಂಚಿದ್ದ ಕಡೆಯೇ ಮನೆಯಿಂದ ತಂದ ಕುರ್ಚಿ ಹಾಕಿ ಕೂರುತ್ತಿದ್ದರು. ಬಾಗಿಲಿದ್ದ ಜಾಗ ಬಂದಾಗ ಗಂಡಸರು ಟೋಪಿ ತೆಗೆಯುತ್ತಿದ್ದರು. ನಮ್ಮ ಬೆಂಚಿನ ಜಾಗವನ್ನು ಯಾರೂ ತುಳಿಯಲಿಲ್ಲ, ಓದೀಲ್. ಬೇಲಿಯಾಚೆ ನಿಂತ ನನಗೆ ಇಲ್ಲದ ಗೋಡೆಗಳೆಲ್ಲ ಮಂಜಿನೊಳಗಿಂದ ಮೆಲ್ಲಗೆ ಎದ್ದುಬಂದಂತೆ ಕಾಣುತ್ತಿತ್ತು. ಆಮೇಲೆ ಹಲಗೆಯ ಶೆಡ್ಡು, ಅದರಲ್ಲಿ ಎಷ್ಟೋ ಚಳಿಗಾಲ. ಕೊನೆಗೆ ಪ್ಯಾರಿಸ್ಸಿನಿಂದ ಎಂಜಿನಿಯರೊಬ್ಬ ಕಾಂಕ್ರೀಟಿನ ನಕ್ಷೆ ಹಿಡಿದು ಬಂದ. ಪಕ್ಕದ ಮನೆ ಕ್ಲೋತೀಲ್ದ್ ನಿನಗೆ ಗೊತ್ತಲ್ಲ, ಅವನ ಮುಖಕ್ಕೇ ಕೇಳಿದಳು: "ಏನಪ್ಪಾ, ದೇವರಿಗೆ ಮನೆ ಕಟ್ತೀಯೋ, ಸೇಬಿಗೆ ಗೋದಾಮು ಕಟ್ತೀಯೋ?" ಹಳೆಯ ಇಗರ್ಜಿಯಂತೆ ಕಲ್ಲಿನದೇ ಬೇಕೆಂದು ಉಳಿದವರೂ ದನಿಗೂಡಿಸಿದರು. ನಮ್ಮ ಪಾದ್ರಿ ನಕ್ಕುಬಿಟ್ಟರು. "ಹಳೇ ಕಲ್ಲೇ ಬೇಕಾ? ಸರಿ, ನಿಮ್ಮ ನಿಮ್ಮ ಹಂದಿಗೂಡು ಬಿಚ್ಚಿ ತಂದ್ಕೊಡಿ!" ಎಲ್ಲರೂ ನೆಲ ನೋಡಿದರು. ಮನೆ ಕಳಕೊಂಡ ಆ ಕಾಲದಲ್ಲಿ ಕುಸಿದ ಇಗರ್ಜಿಯ ಕಲ್ಲಿಂದ ಒಲೆ ಹೂಡದವರು ಯಾರಿದ್ದರು! ಮರುವಾರದಿಂದ ಕೈಗಾಡಿಗಳು ಬರತೊಡಗಿದವು. ಮಸಿ ಹತ್ತಿದ ಒಲೆಗಲ್ಲು, ಪಾಚಿಗಟ್ಟಿದ ಬಾವಿಕಟ್ಟೆಯ ಕಲ್ಲು. ಕ್ಲೋತೀಲ್ದ್ ಗೊಣಗುತ್ತಲೇ ತನ್ನ ಹೊಸ್ತಿಲನ್ನು ಕೀಳಿಸಿದಳು. ಎದೆಮಟ್ಟದವರೆಗೆ ಗೋಡೆ ಆ ಕಲ್ಲಿನದು. ಅದರ ಮೇಲೆ ಕಾಂಕ್ರೀಟು, ಅದರ ತುಂಬ ಅಂಗೈಯಗಲದ ಬಣ್ಣದ ಗಾಜು.

ಭಾನುವಾರ ಹೊರಗೇ ನಿಲ್ಲುವ ಮನಸ್ಸಿನಿಂದ ಹೋಗಿದ್ದೆ. ಕ್ಲೋತೀಲ್ದ್ ಬಿಡಬೇಕಲ್ಲ! "ಬಾರೇ ಲೆಯೊಂತೀನ್, ನನ್ನ ಹೊಸ್ತಿಲು ಎಲ್ಲಿ ಇಟ್ಟಿದಾರೆ ನೋಡು" ಎಂದು ತೋಳು ಹಿಡಿದು ಎಳೆದಳು. ಒಳಗೆಲ್ಲ ನೀಲಿ. ಹೊಳೆಯ ತಳದಲ್ಲಿ ನಡೆದಂತಾಯಿತು. ಎಲ್ಲರ ಮುಖದ ಮೇಲೂ ಬೆಳಕು ಈಜುತ್ತಿತ್ತು. ಓಬೆನ್ ಬಿದ್ದ ಕಡೆ ಈಗ ಏನಿದೆ ಗೊತ್ತೆ? ಏನೂ ಇಲ್ಲ. ಬಾಗಿಲಿಂದ ಬಲಿಪೀಠದವರೆಗೆ ಹೋಗುವ ದಾರಿ, ಅಷ್ಟೇ. ನನ್ನ ಎದೆ ಒಡೆದೇಹೋಗುತ್ತದೆ ಅಂದುಕೊಂಡಿದ್ದೆ. ಒಡೆಯಲಿಲ್ಲ. ಆ ಬಣ್ಣದೊಳಗೆ ಎಲ್ಲೋ ಅವನು ಹಾಯಾಗಿ ಇದ್ದಾನೆ ಅನಿಸಿತು. ಪೂಜೆ ಮುಗಿದರೂ ಎದ್ದೇಳಲು ಮನಸ್ಸಾಗಲಿಲ್ಲ.

ಮಿರೇಯ್‌ಗೆ ಮುತ್ತು. ಮಾತೆ ಮರಿಯಮ್ಮ ನಿಮ್ಮಿಬ್ಬರನ್ನೂ ತನ್ನ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ ಅತ್ತೆ,
ಲೆಯೊಂತೀನ್

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ರಜೆಗೆ ಬಂದಾಗ ಮಿರೇಯ್ ಆ ಗಡಿಯಾರ ರಿಪೇರಿಯ ಫಿರ್ಮೇನ್ ವಿಷಯ ಬಾಯಿಬಿಟ್ಟಳು. "ಅವರು ಬಂದ್ರೆ ಅಮ್ಮ ಜೋರಾಗಿ ನಗ್ತಾಳೆ ಅಜ್ಜಿ" ಅಂದಳು. ಅವಳನ್ನು ಗದರಬೇಡ. ನನಗೆ ನೋವಾದೀತೆಂದು ನೀನು ಅವನ ಮದುವೆಯ ಮಾತಿಗೆ ಉತ್ತರ ಕೊಟ್ಟಿಲ್ಲವಂತೆ. ಹುಚ್ಚಿ! ಹೊಸ ಇಗರ್ಜಿಯಲ್ಲಿ ಇನ್ನೂ ಒಂದು ಮದುವೆಯೂ ಆಗಿಲ್ಲ. ಅವನನ್ನು ಕರೆದುಕೊಂಡು ಬಾ. ನಿನಗೆ ತಾಯಿಯಿಲ್ಲ, ಹೆಣ್ಣು ಹೆತ್ತವಳ ಜಾಗದಲ್ಲಿ ನಾನು ಕೂರುತ್ತೇನೆ.