ಹಲಗೆಯ ಮೇಲೆ ಹಾಸಿದ ಚಾಪೆ

ಮಾರ್ಚ್ 7, ಶನಿವಾರ, ಬೆಳಿಗ್ಗೆ ಆರೂವರೆ

ಚಪಾತಿ ಹಿಟ್ಟು ನಾದಿಟ್ಟೆ. ಕೋಳಿ ಇನ್ನೂ ಕೈಗೆ ಸಿಕ್ಕಿಲ್ಲ — ಚಹಾ ಗಿಡಗಳ ಬುಡದಲ್ಲಿ ಅವಿತಿದೆ, ಹಾಳಾದ್ದು. ಇವತ್ತು ನಮ್ಮ ಚಾಮಾ, ಅಂದರೆ ಹೆಂಗಸರ ಸಂಘ, ಸೇರುವುದು ನಮ್ಮ ಮನೆಯಲ್ಲಿ. ತಿಂಗಳಿಗೊಬ್ಬರ ಸರದಿ. ಊಟಕ್ಕೆ ಬರುತ್ತಾರೋ ಮನೆ ತಪಾಸಣೆಗೆ ಬರುತ್ತಾರೋ ದೇವರಿಗೇ ಗೊತ್ತು. ಸೋಫಾದ ಕಸೂತಿ ಬಟ್ಟೆ ಎತ್ತಿ, ಕೆಳಗೆ ಹರಿದಿದೆಯಾ ಅಂತ ನೋಡುವ ಪೈಕಿ.

ಬಾಗಿಲ ಮುಂದಿನ ಮೋರಿ ದಾಟುವ ಹಲಗೆ ಒಂದು ಕಡೆ ಪೂರ್ತಿ ಕೊಳೆತಿದೆ. ಜನವರಿಯಿಂದ ನನ್ನ ಗಂಡ ಚಾಹಿಲುಗೆ ಹೇಳುತ್ತಿದ್ದೇನೆ. "ನೋಡೋಣ ಕಣೇ, ಮರ ತರ್ತೀನಿ." ಗಂಡಸರ ನೋಡೋಣ! ಅದು ಆ ಹೆಂಗಸರ ಕಣ್ಣಿಗೆ ಬಿದ್ದರೆ ಮುಂದಿನ ವರ್ಷದವರೆಗೂ ಆಡಿಕೊಳ್ಳುತ್ತಾರೆ. ಹೊಸ ಹಸಿರು ಚಾಪೆ ತಂದು ಮೇಲೆ ಹಾಸಿದೆ. ಈಗ ಲಕ್ಷಣವಾಗಿದೆ.

ಅದೇ ದಿನ, ಸಂಜೆ

ನಮ್ಮ ಸಂಘದ ಮಿನಾಯೊ ಬಿದ್ದಳು.

ಬೇರೆಯವರೆಲ್ಲ ಬಂದಾಗಿತ್ತು. ಅವರು ಆ ಹಲಗೆ ಹೇಗೆ ದಾಟಿದರೋ! ಅವಳು ಕೊನೆಗೆ ಬಂದಳು, ತಲೆಯ ಮೇಲೆ ದೊಡ್ಡ ಬಾಳೆಗೊನೆ — ನನಗೆ ಅಂತಲೇ. ನಾವೆಲ್ಲ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವ ಹಾಡು ಹಾಡುತ್ತಿದ್ದೆವು. ಅವಳೂ ಕುಣಿಯುತ್ತಲೇ ಕಾಲಿಟ್ಟಳು. ಚಾಪೆ ಸಮೇತ ಮೋರಿಯೊಳಗೆ ಹೋದಳು. ಹಾಡು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಡೆದೇ ಇತ್ತು... ಹಿಂದಿದ್ದವರಿಗೆ ಕಾಣಿಸಿರಲಿಲ್ಲ.

ಮಂಡಿ ಒಡೆದಿದೆ. ಮೂಳೆ ಹೊರಗೆ ಬಂದಿತ್ತು. ಅಯ್ಯೋ ದೇವರೇ.

ಮಾರ್ಚ್ 10

ಆಸ್ಪತ್ರೆಗೆ ಗಂಜಿ ಮಾಡಿಕೊಂಡು ಹೊರಟಿದ್ದೆ. ಚಾಹಿಲು ಬುಟ್ಟಿ ಕಸಿದುಕೊಂಡ. ಅವನಿಗೆ ಗೊತ್ತಿರುವ ಲಾಯರ್ ಒಬ್ಬರು ಹೇಳಿದ್ದಾರಂತೆ: ಹೋಗಬೇಡಿ, ಕ್ಷಮೆ ಕೇಳಬೇಡಿ, ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ. ನಮ್ಮ ಮನೆಗೆ ಬಂದು ಬಿದ್ದವಳನ್ನು ನೋಡಲೂ ಹೋಗದೆ ಹೇಗಿರುವುದು? ಸಂಘದವರೆಲ್ಲ ಹೋಗಿ ಬಂದರು. ನಾನೊಬ್ಬಳೇ ಇಲ್ಲ.

ಗಂಜಿ ಕೊನೆಗೆ ಹಸುವಿಗೆ ಹೋಯಿತು.

ಏಪ್ರಿಲ್ 21

ಪರಿಹಾರ ಕೇಳಿ ಕೋರ್ಟ್ ನೋಟಿಸ್ ಬಂತು. ಕಳಿಸಿದವನು ಮಿನಾಯೊಳ ಮಗ ಕಿಸಿಯಾ. ಅವನನ್ನು ಎತ್ತಿ ಆಡಿಸಿದವಳು ನಾನು.

ಲಾಯರ್ ಹತ್ತಿರ ಹೋದೆವು. "ಮನೆ ಯಾರ ಕೈಯಲ್ಲಿದೆಯೋ, ಬಂದವರು ಸುರಕ್ಷಿತವಾಗಿರೋ ಹಾಗೆ ನೋಡ್ಕೊಳ್ಳೋದು ಅವರ ಹೊಣೆ ಅಮ್ಮಾ, ಕಾನೂನೇ ಹಾಗಿದೆ. ಆದ್ರೆ ಅಪಾಯ ಎಲ್ಲಿದೆ ಅಂತ ಸರಿಯಾಗಿ ಎಚ್ಚರಿಸಿದ್ರೆ ಮಾತು ಬೇರೆ. ಹೇಳಿದ್ರಿ ತಾನೆ?"

ನಾನು ಬಾಯಿ ತೆರೆಯುವ ಮೊದಲೇ ಚಾಹಿಲು ಅಂದ, "ಹೇಳಿದ್ಲು ಸಾರ್. ಹಲಗೆ ಮೇಲೆ ಕಾಲಿಡ್ಬೇಡ ಅಂತ ಕೂಗಿ ಹೇಳಿದ್ಲು."

ಹೊರಗೆ ಬಂದ ಮೇಲೆ ಜಗಳವಾಡಿದೆ. "ಸುಮ್ನಿರೇ," ಅಂದ. "ಸೋತ್ರೆ ಚಹಾ ತೋಟ ಹೋಗ್ತದೆ. ಆಮೇಲೆ ಮಕ್ಳಿಗೆ ಏನು, ಮಣ್ಣು ತಿನ್ನಿಸ್ತೀಯಾ?"

ಸುಮ್ಮನಾದೆ. ಹೌದು, ಸುಮ್ಮನಾದೆ.

ಸೆಪ್ಟೆಂಬರ್ 13

ಐದು ತಿಂಗಳು ಬರೆಯಲಿಲ್ಲ. ಏನು ಬರೆಯುವುದು? ಸಂಘದ ಮೂವರು ನಾನು ಕೂಗಿ ಹೇಳಿದ್ದು ಕೇಳಿಸಿತು ಅನ್ನುತ್ತಿದ್ದಾರೆ. ನಾನು ಅವರನ್ನು ಕೇಳಿಕೊಂಡಿಲ್ಲ. ಚಾಹಿಲು ಏನು ಹೇಳಿದನೋ. ಎಷ್ಟು ಚಂದ ಹೇಳುತ್ತಾರೆಂದರೆ ಒಮ್ಮೊಮ್ಮೆ ನನಗೂ ಕೇಳಿಸಿದಂತಾಗುತ್ತದೆ.

ಮುದೇಟೆ ಊರಿನ ಸಂತೆಗೆ ಮಿನಾಯೊ ಬಾಳೆ ಹೊರುವುದು ನಿಂತೇ ಹೋಗಿದೆ.

ಸೆಪ್ಟೆಂಬರ್ 20, ಭಾನುವಾರ

ನಾಡಿದ್ದು ವಿಚಾರಣೆ. ಚರ್ಚಿನಲ್ಲಿ ಒಬ್ಬಳು ಬಂದು, ಮಿನಾಯೊ ಕರೆದಿದ್ದಾಳೆ ಅಂದಳು. ಚಾಹಿಲುಗೆ ಹೇಳದೆ ಹೋದೆ. ಬೈಗುಳ ತಿನ್ನಲು ತಯಾರಾಗಿ ಹೋಗಿದ್ದೆ. ಅವಳು ಚಹಾ ಕೊಟ್ಟಳು, ಬೇಯಿಸಿದ ಗೆಣಸು ಕೊಟ್ಟಳು.

"ಕಗೇಹಾ, ಮೂರು ಜನಾನೂ ಸುಳ್ಳು ಹೇಳ್ತಾರೇನೇ? ನೀವೆಲ್ಲ ಹಾಡ್ತಿದ್ರಿ. ನೀನು ಕೂಗಿರ್ತೀಯಾ, ನಂಗೇ ಕೇಳಿಸ್ಲಿಲ್ಲ. ಕುಣಿಯೋ ಹುಚ್ಚು ನಂದು. ಕೇಸು ಬೇಡ ಅಂತ ಕಿಸಿಯಾಗೆ ಹೇಳ್ಬಿಟ್ಟೆ. ಮಂಗಳವಾರ ಹೋಗಿ ವಾಪಸ್ ತಗೋತಾನೆ."

ಕೈಯಲ್ಲಿದ್ದ ಗೆಣಸನ್ನು ತಟ್ಟೆಗೇ ವಾಪಸ್ ಇಟ್ಟೆ. ತೋಟ ಉಳಿಯಿತು ಅಂತ ಒಳಗೊಂದು ಮನಸ್ಸು ಹಿಗ್ಗಿತು — ಬರೆಯಲು ನಾಚಿಕೆ, ಆದರೂ ಹಿಗ್ಗಿತು.

ಹೊರಟೆ. ಬಂದವರನ್ನು ಅರ್ಧ ದಾರಿಯವರೆಗೆ ಕಳಿಸಿಕೊಡದೆ ನಮ್ಮಲ್ಲಿ ಯಾರೂ ಬಿಡುವುದಿಲ್ಲ. ಬೇಡ ಕಣೇ ಅಂದರೂ ಊರುಗೋಲು ಹಿಡಿದು ಎದ್ದೇಬಿಟ್ಟಳು. ಮುಂದೆ ಅವಳು, ಹಿಂದೆ ನಾನು. ಆ ಕುಂಟು ಕಾಲಲ್ಲಿ, ಹೆಜ್ಜೆಹೆಜ್ಜೆಗೂ — "ಈ ಕಲ್ಲು ಅಲುಗಾಡ್ತದೆ, ಬಲಗಡೆ ಬಾ... ಇಲ್ಲಿ ಪಾಚಿ ಇದೆ, ನನ್ನ ಕೈ ಹಿಡ್ಕೋ..."

ನಾನು ಅವಳ ಕೈ ಹಿಡಿದುಕೊಂಡು ದಾರಿಯ ಮಧ್ಯೆ ಅತ್ತುಬಿಟ್ಟೆ.

"ನಾನು ಕೂಗ್ಲೇ ಇಲ್ಲ ಮಿನಾಯೊ."

ಅವಳು ನಿಂತಳು. "ಹಲಗೆ ಕೊಳೆತಿದ್ದು ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ನಿಮ್ಮೆಲ್ಲರ ಕಣ್ಣಿಗೆ ಬೀಳಬಾರ್ದು ಅಂತಲೇ ಚಾಪೆ ಹಾಸಿದ್ದು."

ಅವಳು ಕೈ ಬಿಡಿಸಿಕೊಂಡಳು. ತಿರುಗಿ, ಊರುಗೋಲು ಊರಿಕೊಂಡು ಒಬ್ಬಳೇ ಮನೆಗೆ ಹೋದಳು. ಉಳಿದ ದಾರಿ ನಾನೂ ಒಬ್ಬಳೇ ಬಂದೆ.

ಸೆಪ್ಟೆಂಬರ್ 22, ಮಂಗಳವಾರ, ಬೆಳಿಗ್ಗೆ

ಕಿಸಿಯಾ ಕೇಸು ವಾಪಸ್ ತಗೊಳ್ಳುವುದಿಲ್ಲವಂತೆ. ರಾತ್ರಿ ಸುದ್ದಿ ಬಂತು. ಯಾಕೆ ಮನಸ್ಸು ಬದಲಾಯಿಸಿದ ಅಂತ ಚಾಹಿಲುಗೆ ಗೊತ್ತಿಲ್ಲ. ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತ ನನಗೆ ಪಾಠ ಹೇಳಿಕೊಡುತ್ತಿದ್ದಾನೆ. "ಒಂದೇ ಮಾತು ಕಣೇ. ಹೇಳಿದ್ದೆ ಅನ್ನು, ಸಾಕು. ಬೇರೆ ಏನೂ ಬೇಡ."

ಮೂರು ಸಲ ನನ್ನ ಬಾಯಿಂದ ಹೇಳಿಸಿದ. ಹೇಳಿದೆ, ಅವನ ಸಮಾಧಾನಕ್ಕೆ. ಪಾಪ, ಅವನಿಗೆ ತೋಟದ ಭಯ. ನನಗೂ ಇದೆ.

ಅಲ್ಲಿ ಕಟಕಟೆಯಲ್ಲಿ ಹೇಳುವುದನ್ನು ಇಲ್ಲಿ ಒಮ್ಮೆ ಬರೆದುಕೊಳ್ಳುತ್ತೇನೆ, ನಾಲಿಗೆ ತೊದಲಬಾರದು — ಇಲ್ಲ ಸ್ವಾಮಿ, ಹೇಳಲಿಲ್ಲ. ಹಲಗೆ ಕೊಳೆತಿದ್ದು ಗೊತ್ತಿತ್ತು. ಚಾಪೆ ಹಾಸಿದವಳು ನಾನೇ, ಬೇಕಂತಲೇ, ಯಾರಿಗೂ ಕಾಣಬಾರದು ಅಂತ.